ಇನ್ನೆರಡು ಚೊಂಬು

ಕಳ್ಳತನವನ್ನು ಮೊದಲು ಕಂಡುಹಿಡಿದವರು ಅತ್ತಿಗೆ. ಅದೂ ಊಟದ ಮೇಜಿನಲ್ಲಿ, ವಾರಪತ್ರಿಕೆ ಹರಡಿಕೊಂಡು.

"'ಗಡಿಯಾರ ರಿಪೇರಿ ಮಾಡೋನಿಗೆ ಟೈಮ್ ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ?'" ಅತ್ತಿಗೆ ಜೋರಾಗಿ ಓದಿದರು. "ಇದು ನಿನ್ನ ಕಥೇದಲ್ವೇನೇ?"

ಕಾದಂಬರಿಗಾರ್ತಿಯ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

ಅವಳದೇ ಮಾತು. ಮೂರು ವರ್ಷದ ಕೆಲಸ. ಅಣ್ಣನ ಆಪರೇಷನ್ ಸಮಯದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ, ಕಾಲೆಳೆದು ನಡೆಯುತ್ತಲೇ ಇಡೀ ವಾರ್ಡನ್ನು ಆಳುತ್ತಿದ್ದ ಒಬ್ಬ ಡಾಕ್ಟರಮ್ಮನನ್ನು ಕಂಡಿದ್ದಳು. ನಾಯಕಿ ಹುಟ್ಟಿದ್ದು ಅಲ್ಲಿ. ಬಸ್‌ಸ್ಟಾಪಿನ ಎದುರು ಒಂದು ಗಡಿಯಾರದ ಅಂಗಡಿ. ಗೋಡೆಯ ಒಂದೊಂದು ಗಡಿಯಾರದಲ್ಲೂ ಒಂದೊಂದು ಹೊತ್ತು. ಕೊಲೆಗಾರ ಹುಟ್ಟಿದ್ದು ಅಲ್ಲಿ. ಪ್ರಕಾಶಕರ ಬಾಗಿಲು ಕಾಯುವುದನ್ನು ಅವಳು ಎಂದೋ ಬಿಟ್ಟಿದ್ದಳು. ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ಇದೇ ಮೇಜಿನ ಮೇಲೆ ಪಾರ್ಸೆಲ್ ಕಟ್ಟಿ ಓದುಗರಿಗೆ ಕಳಿಸುತ್ತಿದ್ದಳು. ಟೇಪ್ ಅಂಟಿಸುವ ಕೆಲಸ ಅತ್ತಿಗೆಯದು.

ಹೊಸ ಕಾದಂಬರಿ ಪ್ರೆಸ್ಸಿಗೆ ಹೋಗಿತ್ತು. ಅದೇ ಕಾದಂಬರಿ ಈಗ ಧಾರಾವಾಹಿಯಾಗಿ ಕಣ್ಣ ಮುಂದಿತ್ತು. ಲೇಖಕನ ಹೆಸರು: 'ಸುಳಿಗಾಳಿ'.

"ನನ್ನ ಪುಸ್ತಕ ಆಮೇಲೆ ಬಂದ್ರೆ ಜನ ನನ್ನನ್ನೇ ಕಳ್ಳಿ ಅಂತಾರೆ ಅತ್ತಿಗೆ."

ಅವಳು ಎದ್ದು ಪ್ರೆಸ್ಸಿಗೆ ಫೋನು ಮಾಡಿದಳು. "ಮೆಷಿನ್ ಹಾಕ್ಬೇಡಿ. ನಾನು ಹೇಳೋವರೆಗೂ ಅಚ್ಚು ಬೇಡ."

*

"ಡಿಟಿಪಿ ಮಾಡಿದೋಳೇ ಕದ್ದಿರೋದು," ಎಂದ ಅಣ್ಣ. "ಫೈಲ್ ಇದ್ದಿದ್ದು ಅವಳ ಹತ್ರ ತಾನೇ? ಕೇಸು ಜಡಿ."

ಅಣ್ಣನಿಗೆ ಎಲ್ಲ ಕಷ್ಟಕ್ಕೂ ಅದೊಂದೇ ಔಷಧ. ಆದರೆ ಅವಳಿಗೂ ಬೇರೆ ಯಾರೂ ಹೊಳೆಯಲಿಲ್ಲ. ಡಿಟಿಪಿ ಅಂಗಡಿಗೆ ಹೋದಳು. ಅಕ್ಷರ ಜೋಡಿಸುವ ಆ ಹೆಂಗಸು ಪತ್ರಿಕೆ ನೋಡಿ, ಅವಳ ಮುಖ ನೋಡಿ, ಕುರ್ಚಿ ಹಿಂದಕ್ಕೆ ತಳ್ಳಿದರು.

"ನೀವೂ ಹಂಗೇ ಅಂದ್ಕೊಂಡ್ರಾ ಮೇಡಂ?"

ಅವಳು ಪತ್ರಿಕೆ ಮಡಚಿಕೊಂಡು ಅಂಗಡಿಯಿಂದ ಹೊರಬಿದ್ದಳು. ಮುಖ ಕೆಂಪಾಗಿತ್ತು.

ದಾರಿಯಲ್ಲಿ ಹಳೆಯ ಸಂಚಿಕೆಗಳನ್ನೂ ಕೊಂಡು ಮನೆಗೆ ಬಂದವಳೇ ಎಲ್ಲ ಕಂತುಗಳನ್ನೂ ನೆಲದ ಮೇಲೆ ಹರಡಿಕೊಂಡು ಕೂತಳು. ಬೀಗ ಹಾಕಿದೆನಾ ಎಂದು ಹಿಂದಿರುಗಿ ಹೋಗಿ ನೋಡಿ ಬರುವ ಸ್ವಭಾವ ಅವಳದು. ಓದುವುದೂ ಹಾಗೆಯೇ. ಒಂದು ಸಾಲನ್ನೂ ನಂಬದೆ ಓದಿದಳು.

ಮಾತುಗಳೆಲ್ಲ ಅವಳವೇ. ಒಂದಕ್ಷರ ಆಚೀಚೆ ಇಲ್ಲ. ಆದರೆ ಮಾತಲ್ಲದ್ದೆಲ್ಲ ಬೇರೆ! ಅವಳ ಡಾಕ್ಟರಮ್ಮ ಕಾಲೆಳೆಯುತ್ತಾಳೆ. ಇಲ್ಲಿ ದಡದಡ ಮೆಟ್ಟಿಲು ಹತ್ತುತ್ತಾಳೆ. ಅವಳ ಅಂಗಡಿಯಲ್ಲಿ ಕತ್ತಲು; ಇಲ್ಲಿ ಕಣ್ಣು ಕುಕ್ಕುವ ಬಿಸಿಲು. ಜೊತೆಗೆ ಪ್ರತಿ ಕಂತಿನಲ್ಲೂ ಯಾರೋ ಬಂದು ಬಾಗಿಲು ಬಡಿಯುತ್ತಾರೆ. ಯಾರು, ಯಾಕೆ, ಕಾರಣವೇ ಇಲ್ಲ.

ಈ ವಾರದ ಕಂತಿಗೆ ಬಂದಳು. ಕೊಲೆಗಾರ ಬೆಳ್ಳಿ ಚೊಂಬಿನಿಂದ ಡಾಕ್ಟರಮ್ಮನಿಗೆ ನೀರು ಬಗ್ಗಿಸುತ್ತಾನೆ. ನೀರಿನಲ್ಲಿ ವಿಷ. ಬಾಗಿಲು ಬಡಿದ ಸದ್ದು. ಕೊಲೆಗಾರ ತಣ್ಣಗೆ ಹೇಳುತ್ತಾನೆ: "ಇನ್ನೆರಡು ಚೊಂಬು, ಅಷ್ಟೇ. ಆಮೇಲೆ ಎಲ್ಲ ನಿಂದೇ."

ಅವಳು ಪತ್ರಿಕೆ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಈ ಮಾತು ಅವಳ ಪುಸ್ತಕದಲ್ಲಿರಲಿಲ್ಲ.

"ಅತ್ತಿಗೇ!"

"ಏನೇ ಅದು, ಹಾವು ಕಂಡೋರ ಥರ?"

"ನಾನು ಬಚ್ಚಲಲ್ಲಿದ್ದಾಗ ನೀವು ಬಾಗಿಲು ಬಡೀತೀರಲ್ಲ, ಆಗ ನಾನೇನು ಹೇಳ್ತೀನಿ?"

"ದಿನಾ ಅದೇ ಸುಳ್ಳು. ಇನ್ನೆರಡು ಚೊಂಬು, ಆಮೇಲೆ ಎಲ್ಲ ನಿಮ್ದೇ ಅಂತ. ನಲ್ಲಿ ತಿರುಗಿಸಿರೋದೇ ಇಲ್ಲ! ಒಳಗೆ ನಿಂತ್ಕೊಂಡು ನಾಟಕ ಆಡ್ತಿರ್ತೀಯ."

ಹೌದು, ನಾಟಕವೇ. ಬರೆದ ಸಂಭಾಷಣೆಯನ್ನೆಲ್ಲ ಬಚ್ಚಲಲ್ಲಿ ಗಟ್ಟಿಯಾಗಿ ಆಡಿ ನೋಡದೆ ಅವಳಿಗೆ ಸಮಾಧಾನವಿರಲಿಲ್ಲ. ಅಲ್ಲಿ ದನಿ ತುಂಬಿ ಬರುತ್ತಿತ್ತು. ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯವೂ ಇತ್ತು.

ಅವಳು ಬಚ್ಚಲಿಗೆ ಓಡಿ ಸ್ಟೂಲ್ ಹತ್ತಿ ಗಾಳಿಕಿಂಡಿಯಲ್ಲಿ ಇಣುಕಿದಳು. ಪೈಪುಗಳು ಇಳಿಯುವ ಇಕ್ಕಟ್ಟಾದ ಸಂದು. ಅವಳು ಬರೆಯುವ ಕೋಣೆಯ ಕಿಟಕಿಯೂ ಅದೇ ಸಂದಿಗೆ. ಮೇಲಿನ ಮನೆ ಖಾಲಿ, ಬೀಗ. ಕೆಳಗೆ ಒಂದೇ ಒಂದು ಕಿಟಕಿ ತೆರೆದಿತ್ತು. ಅದು ರೇಡಿಯೋ ಮಾಮನ ಮನೆಯದು.

*

ಕೆಳಮನೆಯ ಮಾಮ ಜನ್ಮವೆಲ್ಲ ರೇಡಿಯೋ ನಾಟಕ ಮಾಡಿಸಿ ನಿವೃತ್ತರಾದವರು. ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ "ಬರೀತಿರು ಮಗಳೇ, ಬಿಡಬೇಡ" ಅನ್ನುವವರು. ಅವಳು ನೇರ ಪತ್ರಿಕೆಯ ಕಚೇರಿಗೆ ಹೋದಳು.

ಪತ್ರಿಕೆಯ ಸಂಪಾದಕರು ಎಲ್ಲವನ್ನೂ ಕೇಳಿ ಕನ್ನಡಕ ಒರೆಸಿಕೊಂಡರು.

"ನಿಮ್ಮ ಪುಸ್ತಕ ಇನ್ನೂ ಬಂದಿಲ್ಲ. ಅವರದು ಆಗಲೇ ಅಚ್ಚಾಗಿದೆ. ಅವರ ಮಾತನ್ನೇ ನೀವು ಬರ್ಕೊಂಡ್ರಿ ಅಂತ ಅವರಂದ್ರೆ?"

"ಸರ್, ಮುಂದಿನ ಕಂತು ನಿಮಗೆ ಬಂದಿದೆಯಾ?"

"ಇಲ್ಲ."

"ಅದರಲ್ಲಿ ಕೊಲೆಗಾರ ತಪ್ಪೊಪ್ಪಿಕೊಳ್ಳೋ ಮಧ್ಯೆ ಹಳದಿ ಟವೆಲ್ ಕೇಳ್ತಾನೆ."

ಸಂಪಾದಕರು ನಕ್ಕರು. "ಟವೆಲ್ಲಾ?"

"ಹಳದೀದು."

ಮರುದಿನ ಬೆಳಿಗ್ಗೆ ಅವಳು ಬಚ್ಚಲಲ್ಲಿ ನಿಂತು ಕೊನೆಯ ದೃಶ್ಯವನ್ನು ಎಂದೂ ಇಲ್ಲದ ಆವೇಶದಿಂದ ಆಡಿದಳು. ಅತ್ತಿಗೆ ಹೊರಗಿನಿಂದ ಧಡಧಡ ಬಡಿದರು. ಬಾಗಿಲಿನ ಚಿಲಕ ಕಳಚಿ ಬರುವುದೊಂದು ಬಾಕಿ.

"ಟವೆಲ್ ಮರೆತೆ!" ಅವಳು ಕೊಲೆಗಾರನ ದನಿಯಲ್ಲೇ ಗುಡುಗಿದಳು. "ಆ ಹಳದೀದು ಕೊಡು!"

ಆ ವಾರ ಅವಳಿಗೆ ಅನ್ನ ರುಚಿಸಲಿಲ್ಲ. ಫೋನು ಸದ್ದಾದಾಗಲೆಲ್ಲ ಓಡಿ ಹೋಗಿ ಎತ್ತುತ್ತಿದ್ದಳು. ಕೊನೆಗೆ ಬಂತು.

"ಮೇಡಂ," ಸಂಪಾದಕರ ದನಿ ಇಳಿದಿತ್ತು. "ಟವೆಲ್ ಬಂದಿದೆ."

*

ಲೇಖಕರ ಫೋಟೋ ಹಾಕುತ್ತೇವೆ ಎಂದು ಕರೆಸಿದ್ದರಿಂದ ರೇಡಿಯೋ ಮಾಮ ಇಸ್ತ್ರಿ ಮಾಡಿದ ಕೋಟಿನಲ್ಲಿ ಬಂದರು. ಸಂಪಾದಕರ ಎದುರು ಕಾದಂಬರಿಗಾರ್ತಿ, ಅತ್ತಿಗೆ, ಡಿಟಿಪಿಯ ಹೆಂಗಸು. ಆ ಹೆಂಗಸನ್ನು ಅವಳೇ ಕ್ಷಮೆ ಕೇಳಿ ಕರೆತಂದಿದ್ದಳು.

ಮಾಮ ಬಾಗಿಲಲ್ಲೇ ತಡೆದು ನಿಂತರು. ಆಮೇಲೆ ನಗು ತಂದುಕೊಂಡರು. "ಏನ್ ಮಗಳೇ, ನೀನಿಲ್ಲಿ?"

"ಹಳದಿ ಟವೆಲ್ ಯಾಕೆ ಬಂತು ಅಂತ ಕೇಳೋಕೆ ಬಂದೆ ಮಾಮ."

"ಅದೊಂದು ಸಂಕೇತ. ರಕ್ತದ ಕೆಂಪಿಗೆ ಎದುರಾಗಿ..."

"ಅದು ನಮ್ಮನೆ ಮೈ ಒರೆಸೋ ಬಟ್ಟೆ ಕಣ್ರೀ!" ಎಂದರು ಅತ್ತಿಗೆ.

ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. "ಓದಿ ಕದ್ದಿದ್ರೆ ಡಾಕ್ಟರಮ್ಮ ಕಾಲೆಳೀತಿದ್ಲು. ಅದು ಪುಸ್ತಕದಲ್ಲಿದೆ, ಆದ್ರೆ ಯಾರೂ ಅದನ್ನ ಬಾಯಿಬಿಟ್ಟು ಹೇಳಲ್ಲ. ಕದ್ದಿದ್ದು ಕಣ್ಣಲ್ಲ, ಕಿವಿ. ಕೇಳಿಸಿದ್ದಷ್ಟೂ ನನ್ನದು, ಕೇಳಿಸದೇ ಇದ್ದದ್ದು ನಿಮ್ಮದು. ಚೊಂಬು, ಟವೆಲ್ ನನ್ನ ಪುಸ್ತಕದಲ್ಲೇ ಇಲ್ಲ. ಅವನ್ನ ನಾನು ಅತ್ತಿಗೆಗೆ ಹೇಳಿದ್ದು. ಮೈಕಿಗೆ ಬಿದ್ದದ್ದೆಲ್ಲ ನಾಟಕ ಅಂತ ನಂಬಿದೋರು ನೀವು. ಅತ್ತಿಗೆ ಬಾಗಿಲು ಬಡಿದದ್ದನ್ನೂ ಬಿಡ್ಲಿಲ್ಲ."

ಮಾಮ ಕೋಟಿನ ಗುಂಡಿ ತಿರುವುತ್ತಾ ನಿಂತರು. ಆಮೇಲೆ ಕೇಳಿದರು: "ಬರೆಯೋ ಕೋಣೇಲಿ ಓದ್ತಿದೀಯ ಅಂದ್ಕೊಂಡಿದ್ದೆ. ಅದು... ಬಚ್ಚಲಾ?"

ಡಿಟಿಪಿಯ ಹೆಂಗಸಿಗೆ ನಗು ತಡೆಯಲಾಗಲಿಲ್ಲ. ಸಂಪಾದಕರೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಮಾಮ ಕುರ್ಚಿ ಎಳೆದುಕೊಂಡು ಕೂತರು. "ಕೆಲಸ ಬಿಟ್ಟ ಮೇಲೆ ನನ್ನ ಹೆಸರು ಯಾರ ಬಾಯಲ್ಲೂ ಇರಲಿಲ್ಲ."

"ನನ್ನದು ಇನ್ನೂ ಬಂದೇ ಇರಲಿಲ್ಲ ಮಾಮ," ಎಂದಳು ಅವಳು.

ಸಂಪಾದಕರು ಗಂಟಲು ಸರಿಮಾಡಿಕೊಂಡರು. "ಮೇಡಂ, ನಮ್ಮ ಕಡೆಯಿಂದ ದೊಡ್ಡ ಪ್ರಮಾದ. ನಿಮ್ಮ ಕಾದಂಬರೀನ ಮೊದಲ ಕಂತಿಂದ ನಿಮ್ಮ ಹೆಸರಲ್ಲಿ ನಾವೇ ಹಾಕ್ತೀವಿ. ಪುಸ್ತಕಾನೂ ನಾವೇ ತರ್ತೀವಿ. ಏನಂತೀರಿ?"

ಒಂದು ಕಾಲದಲ್ಲಿ ಇಂಥ ಒಂದು ಮಾತಿಗಾಗಿ ಅವಳು ಎಷ್ಟು ಮೆಟ್ಟಿಲು ಹತ್ತಿಳಿದಿದ್ದಳು. ಅತ್ತಿಗೆ ಅವಳನ್ನೇ ನೋಡಿದರು.

"ನಡೆದದ್ದನ್ನ ನಡೆದ ಹಾಗೆ ಅಚ್ಚು ಹಾಕಿ ಸರ್. ನನ್ನ ಹೆಸರು ಹಾಕಿ. ಅಷ್ಟು ಸಾಕು. ಪುಸ್ತಕ ನಾನೇ ತರ್ತೀನಿ."

ಅವಳು ಅಲ್ಲಿಯೇ, ಸಂಪಾದಕರ ಮೇಜಿನಿಂದಲೇ, ಪ್ರೆಸ್ಸಿಗೆ ಫೋನು ಮಾಡಿದಳು. ಕರಡನ್ನು ಇನ್ನೊಂದು ಸಲ ನೋಡಿಬಿಡಲೇ ಎಂದು ಪ್ರತಿ ಸಲವೂ ಕೇಳುವವಳು ಅವಳು. ಇವತ್ತು ಕೇಳಲಿಲ್ಲ.

"ಮೆಷಿನ್ ಹಾಕಿ," ಎಂದಳು.