ಕಿವಿಯಲ್ಲಿ ಉಳಿದ ಹೆಸರು

ಹಿಂದೆ ಒಂದು ನಾಡಿನಲ್ಲಿ, ಒಂದು ಬೆಳಗ್ಗೆ, ಯಾರಿಗೂ ಹೆಸರಿರಲಿಲ್ಲ. ಬೆಟ್ಟದ ಮಾಯಾವಿ ಬಂದು ಎಲ್ಲರ ನಾಲಿಗೆಯಿಂದ ಅಂಕಿತನಾಮಗಳನ್ನು ಕಿತ್ತು ಚೀಲದಲ್ಲಿ ತುಂಬಿಕೊಂಡಿದ್ದ. ರೂಢನಾಮಗಳನ್ನು ಬಿಟ್ಟಿದ್ದ. ಹೆಂಗಸು, ಹುಡುಗ, ಊರು, ಹೊಳೆ ಎಂಬ ಮಾತುಗಳು ಉಳಿದವು. ಯಾವ ಹೆಂಗಸು, ಯಾವ ಹೊಳೆ ಎಂಬುದು ಹೋಯಿತು.

ಹೆಸರಿಲ್ಲದವರನ್ನು ಅವನು ಏನೆಂದು ಕರೆದರೆ ಅವರು ಅದಾಗುತ್ತಿದ್ದರು. ಊರ ಹುಡುಗರನ್ನು ಎತ್ತು ಎಂದು ಕರೆದ. ಎತ್ತುಗಳಾದರು. ಬೆಟ್ಟದ ಮೇಲಿನ ತನ್ನ ಗಾಣಕ್ಕೆ ಹೊಡೆದುಕೊಂಡು ಹೋದ.

ಊರ ಕೊನೆಯ ಮನೆಯ ಹೆಂಗಸಿಗೆ ಅಣ್ಣನ ಮಗನೊಬ್ಬನೇ ದಿಕ್ಕು. ತಾಯಿತಂದೆಯಿಲ್ಲದ ಅವನನ್ನು ಅವಳೇ ಸಾಕಿದ್ದಳು. ಅವನೂ ಎತ್ತಾಗಿ ಹೋದ. ಸಂಜೆ ಹೊಸ್ತಿಲಲ್ಲಿ ನಿಂತು ಕರೆಯಲು ಬಾಯಿ ತೆರೆದಳು. ಹೆಸರು ಬರಲಿಲ್ಲ. ಎರಡು ತಟ್ಟೆ ಹಾಕಿ ಒಂದನ್ನು ಎತ್ತಿಟ್ಟಳು. ಬೆಳಗಾದ ಮೇಲೆ ಬೆಟ್ಟ ಹತ್ತಿದಳು.

ಮೊದಲ ಬಾಗಿಲಲ್ಲಿ ಹುಲಿ. ಒಂದೇ ಮಾತಿನಲ್ಲಿ ಹಲವರನ್ನು ಕರೆ, ಇಲ್ಲವಾದರೆ ತಿನ್ನುತ್ತೇನೆ ಎಂದಿತು. ಒಳಗಿಂದ ಗೊರಸಿನ ಸದ್ದು ಬರುತ್ತಿತ್ತು. ಅವಳು ಹಿಂಡು ಎಂದಳು. ಸದ್ದು ನಿಂತಿತು. ಒಳಗೆ ಎಲ್ಲವೂ ತಲೆಯೆತ್ತಿದ್ದವು. ಹುಲಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಹಾವು. ಹೆಸರಿದ್ದು ಮೈಯಿಲ್ಲದ್ದನ್ನು ತಂದರೆ ಮಾತ್ರ ಬಿಡುವುದಂತೆ.

"ಒಂಟಿತನ," ಎಂದಳು.

"ಎಲ್ಲಿಂದ ತಂದೆ?"

"ಮನೆಯಿಂದ."

ಹಾವು ಅವಳ ಮುಖ ನೋಡಿತು. ಪಕ್ಕಕ್ಕೆ ಸರಿದು ದಾರಿ ಕೊಟ್ಟಿತು.

ಮೂರನೆಯ ಬಾಗಿಲಲ್ಲಿ ಮಾಯಾವಿಯೇ ಕೂತಿದ್ದ. ಅವನ ಹಿಂದೆ ಗಾಣ, ಗಾಣದ ಸುತ್ತ ಎತ್ತುಗಳು. ಎಲ್ಲವೂ ಬಿಳಿ, ಎಲ್ಲವೂ ಒಂದೇ ಅಚ್ಚು.

"ನಿನ್ನ ಹುಡುಗ ಯಾವುದಮ್ಮಾ? ಹೆಸರು ಹಿಡಿದು ಕರೆ, ಕೊಡುತ್ತೇನೆ," ಎಂದು ನಕ್ಕ.

ಆ ನಾಡಿನಲ್ಲಿ ಮಗುವಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಮೊದಲು ಕುರ್ ಎಂದು ಸದ್ದು ಮಾಡಿ ಹೆಸರು ಹೇಳಬೇಕು. ಆಮೇಲೆಯೇ ಅದು ಮಿಕ್ಕವರ ನಾಲಿಗೆಗೆ. ಅವಳಿಗೆ ಹೆಸರು ನೆನಪಿರಲಿಲ್ಲ. ಹೇಳಿದ್ದು ನೆನಪಿತ್ತು. ಒಂದೊಂದೇ ಎತ್ತಿನ ಕಿವಿಗೆ ಕಿವಿಯಿಟ್ಟಳು. ಒಳಗೆ ಯಾರ ಯಾರದೋ ಅತ್ತೆಯರ ದನಿ. ಕೇಳಿದ ಹೆಸರನ್ನೆಲ್ಲ ಕೂಗಿದಳು. ಕೂಗಿದಂತೆ ಎತ್ತು ಹುಡುಗನಾಯಿತು. ಕೊನೆಯ ಎತ್ತಿನ ಕಿವಿಯಲ್ಲಿ ತನ್ನದೇ ದನಿ ಕೇಳಿತು, ಹರೆಯದ ದನಿ.

"ಚೆನ್ನಮಲ್ಲ," ಎಂದಳು.

ಅಣ್ಣನ ಮಗ ಎದ್ದು ನಿಂತ.

ಮಾಯಾವಿಯ ನಗು ಹೋಯಿತು. ಅವನು ಅವಳನ್ನು ಹಸು ಎಂದು ಕರೆದ. ಅವಳ ಪಾದ ಗೊರಸಾಯಿತು. ಚೆನ್ನಮಲ್ಲ ಅವಳ ಕಿವಿಗೆ ಕಿವಿಯಿಟ್ಟ. ಒಳಗೆ ಅವನು ಎಂದೂ ಕಾಣದ ಒಬ್ಬ ಅಜ್ಜಿಯ, ಅವಳ ಸೋದರತ್ತೆಯ ದನಿ.

"ಬಾಳವ್ವ," ಎಂದು ಕರೆದ. "ಬಾಳವ್ವತ್ತೆ."

ಹೆಸರು ಕಳವಾಗುವ ಮೊದಲೂ ಬಹಳ ಕಾಲದಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಅವಳು ಓಗೊಟ್ಟಳು. ಗೊರಸು ಪಾದವಾಯಿತು. ಚೀಲ ಹರಿಯಿತು. ಹೆಸರುಗಳು ಊರ ಕಡೆ ಹಾರಿದವು.

ಮಾಯಾವಿಯನ್ನೇ ಗಾಣಕ್ಕೆ ಕಟ್ಟೋಣ ಎಂದರು ಹುಡುಗರು. ಬಾಳವ್ವ ಅವನ ಕಿವಿಗೂ ಕಿವಿಯಿಟ್ಟಳು. ಒಳಗೆ ಏನೂ ಇರಲಿಲ್ಲ. ಬೇಡ ಎಂದಳು. ಬಾಗಿ ಕುರ್ ಎಂದು ಒಂದು ಹೆಸರು ಹೇಳಿದಳು. ಅವನ ಮಾಯೆ ಅಲ್ಲಿಗೆ ಮುಗಿಯಿತು. ಮುಂದೆ ಅವನು ಊರಲ್ಲೇ ಎಣ್ಣೆ ಮಾರಿಕೊಂಡಿದ್ದ. ಜನ ಗುರುಪಾದಪ್ಪ ಎಂದು ಕರೆಯುತ್ತಿದ್ದರು.

ಊರು ನೆಮ್ಮದಿಯಾಗಿತ್ತು. ಬಾಳವ್ವ ಸಂಜೆ ಹೊಸ್ತಿಲಲ್ಲಿ ನಿಂತು ಚೆನ್ನಮಲ್ಲ ಎಂದು ಕೂಗುತ್ತಿದ್ದಳು. ಅವನು ಬರುತ್ತಿದ್ದ.