ಕಟ್ಟಿಗೆಯ ಕಾಡತೂಸು

ಬೈಲಹೊಂಗಲದ ಗೌಸಸಾಬರ ಬಂದೂಕಿನ ಅಂಗಡಿಯೊಳಕ್ಕೂ ಬೆಳಗಿನ ಮಂಜು ಬಂದು ಕೂತಂತಿತ್ತು. ಚುನಾವಣೆಗೆಂದು ರೈತರು ಒಪ್ಪಿಸಿಹೋದ ಬಂದೂಕುಗಳು ಗೋಡೆಗೊರಗಿ ನಿದ್ದೆ ಹೋಗಿದ್ದವು. ನಡುವೆ ಒಂದು ಜಾಗ ಖಾಲಿ.

“ಚಚಡಿ ಮಹಾಂತಪ್ಪನವರ ಜೋಡಿ ನಳಿಗಿ ಬಂದೂಕ, ಮೇಡಂ. ನಿನ್ನೆ ಇತ್ತು,” ಎಂದಳು ಗೌಸಸಾಬರ ಮಗಳು ಸಿಮ್ರನ.

ಪಿಎಸ್‌ಐ ಪ್ರಣಿತಾ ಬೀಗ ನೋಡಿದಳು. ಒಡೆದಿರಲಿಲ್ಲ. ನೆಲದ ಮೇಲೆ ಸಾಗವಾನಿಯ ಹೊಸ ಚಕ್ಕೆಯೊಂದು ಹೂವಿನ ಎಸಳಿನಂತೆ ಸುರುಳಿ ಸುತ್ತಿ ಬಿದ್ದಿತ್ತು. ಅದನ್ನು ಎತ್ತಿಟ್ಟುಕೊಂಡಳು.

ಅಂಗಡಿಯ ಲೈಸೆನ್ಸ್ ಗೌಸಸಾಬರದು. ಅವರಿಗೆ ವಯಸ್ಸಾಯಿತೆಂದು ಸಿಮ್ರನ ತನ್ನ ಹೆಸರಿಗೆ ಹೊಸ ಲೈಸೆನ್ಸ್ ಕೇಳಿ ಡಿಸಿ ಕಚೇರಿಗೆ ಅರ್ಜಿ ಹಾಕಿದ್ದಳು. ಪೊಲೀಸ್ ವರದಿ ಬರೆಯಬೇಕಾದವಳು ಪ್ರಣಿತಾಳೇ. ಬಂದೂಕು ಸಿಗದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು.

“ಕೀಲಿಕೈ ಯಾರ ಹತ್ರ ಅದಾವ?”

“ಅಬ್ಬಾನ ಹತ್ರ ಒಂದು, ನನ್ನ ಹತ್ರ ಒಂದು. ನಾಸಿರಣ್ಣ ಸುಮ್ನ ಬಂದು ಹೋಗಿ ಮಾಡತಾನ.”

ನಾಸಿರ, ಗೌಸಸಾಬರ ಅಣ್ಣನ ಮಗ. ಟೆಂಪೊ ಓಡಿಸುತ್ತಿದ್ದ. ಈ ಜಾಗದಲ್ಲಿ ಮೊಬೈಲ್ ಅಂಗಡಿ ಇಡುತ್ತೇನೆಂದು ಊರೆಲ್ಲ ಹೇಳಿಕೊಂಡಿದ್ದ.

* * *

ಪ್ರಣಿತಾ ಮೊದಲು ಹುಡುಕಿದ್ದೇ ಮುನವಳ್ಳಿಯಲ್ಲಿದ್ದ ನಾಸಿರನ ಟೆಂಪೊ ಶೆಡ್ಡನ್ನು. ಬಂದೂಕು ಬಟ್ಟೆಯ ಗಂಟಿನೊಳಗೆ ಅಟ್ಟದ ಮೇಲಿತ್ತು. ಹೊರಗೆ ಮಲಪ್ರಭೆಯ ಹಿನ್ನೀರು ಆಕಾಶವನ್ನೇ ಹೊದ್ದು ಮಲಗಿತ್ತು.

“ಖುದಾನ ಆಣಿ, ನನಗ ಗೊತ್ತಿಲ್ರಿ ಮೇಡಂ! ಪಟಾಕಿ ಹಾರಿಸಿದ್ರ ಕಿವಿ ಮುಚ್ಚಿಕೊಳ್ಳಾವ ನಾನು.”

“ಮತ್ತ ಇದಕ್ಕ ರೆಕ್ಕಿ ಬಂದಿದ್ದುವೇನು?” ಎಂದ ಪೇದೆ ದುರ್ಗಪ್ಪ.

ಪ್ರಣಿತಾ ಗಂಟು ಬಿಚ್ಚಿದಳು. ಎಣ್ಣೆ ಹಚ್ಚಿದ ಮೆತ್ತನೆ ಬಟ್ಟೆ, ಕೂಸಿಗೆ ಸುತ್ತಿದ ಹಾಗೆ. ಬಂದೂಕು ಮಡಚಿ ನೋಡಿದಳು. ಗುಂಡಿನ ಜಾಗದಲ್ಲಿ ಎರಡು ಕಟ್ಟಿಗೆಯ ಕಾಡತೂಸು.

* * *

“ಇವನ್ನ ಯಾಕ ಹಾಕತಾರ, ಸಿಮ್ರನ?” ಅಂಗಡಿಗೆ ಮರಳಿದ ಪ್ರಣಿತಾ ಕೇಳಿದಳು.

“ಒಳಗಿನ ಸ್ಪ್ರಿಂಗ ಸಡ್ಲ ಇರಲಿ ಅಂತ, ಮೇಡಂ. ಬಂದೂಕ ಬಹಳ ದಿನ ಇಡೂದಿದ್ರ ಹಾಕತೇವಿ. ನಾನು ಪ್ಲಾಸ್ಟಿಕ್ಕಿನವು ತರಿಸೇನಿ, ಮೇಜಿನ್ಯಾಗ ಅದಾವ. ಕಟ್ಟಿಗೀವು…”

ಅವಳು ಮೂಲೆಯಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿದಳು.

ಪ್ರಣಿತಾ ಬೆಳಗಿನ ಚಕ್ಕೆಯನ್ನು ಕಾಡತೂಸಿನ ಪಕ್ಕ ಇಟ್ಟಳು. ಅದೇ ಬಣ್ಣ, ಅದೇ ಗೆರೆ.

“ಒಯ್ದವರಿಗೆ ಇದನ್ನ ಮಾರೂದಿರಲಿಲ್ಲ, ಹಾರಿಸೂದಿರಲಿಲ್ಲ. ಬಂದೂಕಿಗೆ ತ್ರಾಸ ಆಗಬಾರ್ದು ಅಂತಿತ್ತು, ಅಷ್ಟ. ನಾಸಿರನ ಹತ್ರ ಕೀಲಿಕೈ ಇಲ್ಲ, ಈ ಕೆಲಸಾನೂ ಬರೂದಿಲ್ಲ. ಸಿಮ್ರನ ಕಟ್ಟಿಗಿ ಕೆತ್ತೂದಿಲ್ಲ. ಹೌದಲ್ರಿ ಚಾಚಾ?”

ಗೌಸಸಾಬರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. “ಒಣಾ ಜಾಗ ಅಂತ ಶೆಡ್ಡಿನ್ಯಾಗ ಇಟ್ಟೆ. ನಾಸಿರನ ಮ್ಯಾಲ ಬರತೈತಿ ಅಂತ ಹೊಳೀಲಿಲ್ರಿ.”

“ಯಾಕ ಅಬ್ಬಾ?”

“ರಿಪೇರಿ ಮಾಡಿ ಕೊಟ್ಟ ಬಂದೂಕೆಲ್ಲಾ ಕನಸಿನ್ಯಾಗ ಬರತಾವ, ಬೇಟಾ. ಎಲ್ಲಿಗಿ ಹೋದಿ, ಯಾರ ಎದುರು ನಿಂತಿ ಅಂತ ಕೇಳತೇನಿ. ಒಂದೂ ಮಾತಾಡಂಗಿಲ್ಲ. ಲೈಸೆನ್ಸ ನಿನಗ ಬಂದ್ರ ಆ ಕನಸೂ ನಿನಗ. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ.”

ಹೊರಗೆ ಸಂಜೆ ಹತ್ತಿಯ ಹಾಗೆ ಹಗುರಾಗಿ ಇಳಿಯುತ್ತಿತ್ತು.

“ಈಗ ಲೈಸೆನ್ಸ ಹೋತಲ್ರಿ?” ಮುದುಕರ ದನಿಯಲ್ಲಿ ಸಮಾಧಾನವಿತ್ತು.

“ನಿಮ್ಮದು ಹೋತು. ಕೇಸೂ ಆಗತೈತಿ. ಆಕಿದು ಬ್ಯಾರೆ ಅರ್ಜಿ. ಬಂದೂಕ ಇಲ್ಲ ಅಂತ ಸ್ಟೇಷನ್ನಿಗಿ ಓಡಿ ಬಂದಾಕಿ ಆಕೀನ. ಇದ್ದದ್ದು ಇದ್ದಾಂಗ ಬರೀತೇನಿ. ಕೊಡೂದು ಬಿಡೂದು ಡಿಸಿ ಸಾಹೇಬ್ರದು.”

ಸಾಕ್ಷಿಗೆಂದು ದುರ್ಗಪ್ಪ ಕಟ್ಟಿಗೆಯ ಕಾಡತೂಸುಗಳನ್ನು ಚೀಲಕ್ಕೆ ಹಾಕಿದ. ಸಿಮ್ರನ ಮೇಜಿನಿಂದ ಎರಡು ಪ್ಲಾಸ್ಟಿಕ್ಕಿನವು ತಂದು ಅವನ ಕೈಗಿಟ್ಟಳು.

“ಕೋರ್ಟಿನ್ಯಾಗ ಎಷ್ಟು ದಿನ ಇರತೈತೋ ಏನೋ. ಇವನ್ನ ಹಾಕಿಡ್ರಿ. ಇಲ್ದಿದ್ರ ಸ್ಪ್ರಿಂಗ ಸೋಲತೈತಿ.”

ಗೌಸಸಾಬರು ತಲೆಯೆತ್ತಿ ಮಗಳನ್ನು ನೋಡಿದರು.

“ನಿನಗೂ ಕನಸಿನ್ಯಾಗ ಬರತಾವೇನು?”

“ಯಾವಾಗಿಂದಾನೋ ಬರತಾವ, ಅಬ್ಬಾ.”