ಅಳಲೆಕಾಯಿಯ ಕಪ್ಪು

ಸಾವಿರದ ಒಂಬೈನೂರ ಇಪ್ಪತ್ತಾರರ ಚಳಿಗಾಲ. ಗುಂಜಿ ಸ್ಟೇಶನ್ ಪಕ್ಕದ ಅಳಲೆಕಾಯಿ ಒಡೆಯುವ ಶೆಡ್ಡಿನಲ್ಲಿ, ಹೆಂಗಸರ ಸಾಲಿನ ತುದಿಗೆ ಗಂಡಸೊಬ್ಬ ರುಮಾಲಿನಿಂದ ಮುಖ ಮುಚ್ಚಿಕೊಂಡು ಕೂತಿದ್ದ.

"ಮೂಟಿ ಹೊರಾಕ ಆಗಲಿಲ್ಲಂತ, ನಮ್ಮ ಸಾಲಿಗೆ ಬಂದಾನ. ಕೂಲಿನೂ ಹೆಂಗಸರದ," ಎಂದು ಸಾತವ್ವ ನಕ್ಕಳು.

ನಿಂಗವ್ವ ನಗಲಿಲ್ಲ. ರುಮಾಲು ಜಾರಿತ್ತು... ಸಿದರಾಯ! ಹೋದ ತಿಂಗಳು ತನ್ನನ್ನು ನೋಡಲು ಬಂದು, ಅವಲಕ್ಕಿ ಮುಟ್ಟದೆ ಎದ್ದು ಹೋದ ಬೆಳಗಾವಿ ಶಹಾಪುರದ ನೇಕಾರ.

ಕಬ್ಬಿಣದ ಸುತ್ತಿಗೆಯಲ್ಲಿ ಕಾಯಿ ಒಡೆದು ಒಡೆದು ಅವಳ ಬೆರಳು ಕಪ್ಪಾಗಿದ್ದವು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗಿರಲಿಲ್ಲ. ಅಂದು ಸೆರಗಿನೊಳಗೆ ಬಚ್ಚಿಟ್ಟಿದ್ದಳು. ತಟ್ಟೆ ಕೊಡುವಾಗ ಅವನ ಕಣ್ಣು ಅಲ್ಲೇ ನೆಟ್ಟಿತು, ತಲೆ ತಗ್ಗಿತು. ಈ ಕೈ ಯಾರು ಹಿಡಿದಾರು ಎಂದು ರಾತ್ರಿಯೆಲ್ಲ ಅತ್ತಿದ್ದಳು.

ಮಧ್ಯಾಹ್ನ ರೊಟ್ಟಿ ಹೊತ್ತಿಗೆ ತಡೆಯಲಾಗದೆ, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವನ ಹತ್ತಿರ ಹೋದಳು.

"ನನ್ನ ಕೈ ನೋಡಿ ಹೇಸಿ ಹೋದವರು, ಅದ ಕೆಲಸಕ್ಕ ಬಂದೀರೇನ್ರಿ?"

"ಕೈ ನೋಡಿಲ್ರಿ... ಸೆರಗು ನೋಡಿದ್ದೆ. ವಿಲಾಯತಿ ಸೀರಿ."

ಅವಳ ಕೆನ್ನೆ ಬಿಸಿಯಾಯಿತು. ತನ್ನ ಕೂಲಿಯಲ್ಲಿ ಕೊಂಡ ಮೊದಲ ಸೀರೆ ಅದು.

"ಅದಕ್ಕ ಸಿಟ್ಟೇನ್ರಿ?"

"ನಿಮ್ಮ ಮ್ಯಾಲ ಎಂಥಾ ಸಿಟ್ಟು? ಹಡಗಿನ್ಯಾಗ ಆ ಬಟ್ಟಿ ಬಂದಾಗಿಂದ ನಮ್ಮ ಸೀರಿ ಕೇಳಾವರಿಲ್ಲ. ನಾಕೂ ಮಗ್ಗ ನಿಂತಾವು. ನಡದಾವು ಅಂತ ನಿಮ್ಮ ಅಪ್ಪಾರ ಮುಂದ ಆಗಷ್ಟ ಸುಳ್ಳು ಹೇಳಿದ್ದೆ. ನೀವು ಅದನ್ನ ಉಟ್ಟು ಬಂದು ಅವಲಕ್ಕಿ ಕೊಟ್ರಿ... ಹೆಂಗ ಮುಟ್ಲಿ? ಎದ್ದು ಹೋದೆ."

ನಿಂಗವ್ವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಅವಳು ಒಡೆದ ಕಾಯಿಯೂ ಚರ್ಮ ಹದ ಮಾಡಲು ಹಡಗಿನಲ್ಲೇ ವಿಲಾಯತಿಗೆ ಹೋಗುತ್ತಿತ್ತು. ಹಡಗಿಗೇನು, ಒಬ್ಬಳಿಗೆ ಕೂಲಿ ಕೊಟ್ಟು ಇನ್ನೊಬ್ಬನ ಮಗ್ಗ ನಿಲ್ಲಿಸಿ ಹೋಗುತ್ತದೆ. ತಲೆ ತಗ್ಗಿಸುವ ಪಾಳಿ ಮಾತ್ರ ಇವರಿಬ್ಬರದು.

"ಕೆಲಸಕ್ಕ ಬ್ಯಾರೆ ಊರು ಇರಲಿಲ್ಲೇನ್ರಿ?" ಅವಳ ದನಿ ಮೆತ್ತಗಾಗಿತ್ತು.

"ಇದ್ದವು. ಆದ್ರ ಸುಳ್ಳು ಹೇಳಿದ್ದು ಈ ಊರಾಗ." ಅವನು ತನ್ನ ಬೆರಳು ನೋಡಿಕೊಂಡ. ಆಗಲೇ ಕಪ್ಪು ಹತ್ತತೊಡಗಿತ್ತು. "ಇದು ಯಾವಾಗ ಹೋಗತೈತ್ರಿ?"

"ಕೆಲಸ ಬಿಟ್ಟ ಮ್ಯಾಲ, ಮಳಿಗಾಲಕ್ಕ."

"ಅಲ್ಲೀತನಕ ಕಾಯೂದಿಲ್ರಿ. ಈ ಐತವಾರ ನಿಮ್ಮ ಅಪ್ಪಾರ ಮುಂದ ಖರೇ ಹೇಳ್ತೀನಿ. ಇದ ಕೈ ತೋರಿಸಿ, ನಿಮ್ಮನ್ನ ಕೇಳ್ತೀನಿ."

ನಿಂಗವ್ವನ ಕಣ್ಣು ತುಂಬಿತು. ಸೆರಗಿನೊಳಗಿದ್ದ ಕೈ ಮೆಲ್ಲಗೆ ಹೊರಗೆ ತೆಗೆದು, ಬುತ್ತಿಯ ರೊಟ್ಟಿ ಮುರಿದು ಚಾಚಿದಳು.

"ಬರ್ರಿ. ಆದ್ರ ಈ ಸಲ ಹಂಗ ಎದ್ದು ಹೋಗಬ್ಯಾಡ್ರಿ."

"ಇಲ್ರಿ," ಎಂದ ಸಿದರಾಯ. ಮುಖದ ರುಮಾಲು ಬಿಚ್ಚಿ ತಲೆಗೆ ಸುತ್ತಿಕೊಂಡು, ಎಲ್ಲ ಹೆಂಗಸರೂ ನೋಡುತ್ತಿರುವಾಗಲೇ ಅವಳ ಕೈಯಿಂದ ರೊಟ್ಟಿ ತೆಗೆದುಕೊಂಡ.